ನಂಬಿಕೆಯ ಹತ್ತು ಜನರ ಜೊತೆ ಕಡಿಮೆ ದುಡ್ಡಿನಲ್ಲಿ ಸಿನಿಮಾ ಮಾಡುವುದು ಹೇಗೆ

ನಮ್ಮ ಮೊದಲ ಸಿನಿಮಾದ ಶೂಟಿಂಗ್ ಐದನೇ ದಿನ ನಿಂತುಹೋಯಿತು. ದುಡ್ಡು ಇನ್ನೂ ಇತ್ತು. ಮಳೆಯೂ ಇರಲಿಲ್ಲ. ಕ್ಯಾಮೆರಾ ಹಿಡಿದಿದ್ದ ಗೆಳೆಯ ಬೆಳಿಗ್ಗೆ ಜಗಲಿ ಮೇಲೆ ಕೂತು, "ನಾನು ಎರಡು ಮದುವೆ ಆರ್ಡರ್ ಬಿಟ್ಟು ಬಂದಿದ್ದೇನೆ, ಗೊತ್ತಾ ನಿನಗೆ?" ಎಂದ. ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಹದಿನಾಲ್ಕು ವರ್ಷದ ಸ್ನೇಹದ ನಡುವೆ ಸಂಬಳದ ಮಾತು ಎತ್ತುವುದು ಹೇಗೆ ಅಂತ ಇಬ್ಬರೂ ಸುಮ್ಮನಿದ್ದೆವು. ಆ ದಿನ ಒಂದೂ ಶಾಟ್ ಆಗಲಿಲ್ಲ. ಲೆನ್ಸ್ ಬಾಡಿಗೆ, ಜೀಪು, ಹನ್ನೊಂದು ಜನರ ಊಟದ ಖರ್ಚು ಮಾತ್ರ ಆಯಿತು.

ಅಂದಿನಿಂದ ನಾನು ಬಜೆಟ್ ಬರೆಯುವ ಮೊದಲು ಜನರ ಪಟ್ಟಿ ಬರೆಯುತ್ತೇನೆ. ಪರಸ್ಪರ ನಂಬುವ ಹತ್ತು ಜನ ಸೇರಿದರೆ ನಲವತ್ತು ಜನರ ಯೂನಿಟ್ ಬೇಕಾಗುವುದಿಲ್ಲ. ಲೈಟ್ ಎತ್ತಲು ಯಾರೂ ಆರ್ಡರ್‌ಗೆ ಕಾಯುವುದಿಲ್ಲ. ತಪ್ಪಾದರೆ ಮುಚ್ಚಿಡುವುದಿಲ್ಲ. ಉಳಿತಾಯ ಆಗುವುದು ಅಲ್ಲಿಯೇ. ಆದರೆ ಆ ನಂಬಿಕೆ ತಾನಾಗಿಯೇ ಉಳಿಯುವುದಿಲ್ಲ, ಅದನ್ನು ದಿನಾ ನೋಡಿಕೊಳ್ಳಬೇಕು. ಎಂಬತ್ತು, ತೊಂಬತ್ತು ನಿಮಿಷದ ಸಿನಿಮಾ ಮಾಡಬೇಕು ಎಂದಿರುವವರಿಗೆ ನಾನು ಅನುಸರಿಸುವ ಕ್ರಮ ಇಲ್ಲಿದೆ. ಕಿರುಚಿತ್ರಕ್ಕೂ ಇದೇ ದಾರಿ, ದಿನ ಕಡಿಮೆ ಅಷ್ಟೇ.

1. ಕೈಯಲ್ಲಿ ಏನಿದೆ ನೋಡಿ, ಆಮೇಲೆ ಕಥೆ ಬರೆಯಿರಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕೇಳಿದರೆ ಸಿಗುವ ಮನೆ, ತೋಟ, ಅಂಗಡಿ, ವಾಹನ ಬರೆಯಿರಿ. ನಿಮಗೆ ಗೊತ್ತಿರುವ ಜನರನ್ನು ಬರೆಯಿರಿ: ಯಾರು ಚೆನ್ನಾಗಿ ಮಾತಾಡುತ್ತಾರೆ, ಯಾರ ನಡಿಗೆ ಚೆಂದ, ಯಾರ ಮುಖ ನೋಡುತ್ತಲೇ ಇರಬೇಕು ಅನ್ನಿಸುತ್ತದೆ. ಊರಿನ ವರ್ಷ ಹೇಗೆ ಸಾಗುತ್ತದೆ ಅನ್ನುವುದನ್ನೂ ಬರೆಯಿರಿ. ಮಲೆನಾಡಿನಲ್ಲಿ ಅಡಿಕೆ ಕೊಯ್ಲಿನ ಹೊತ್ತಿಗೆ ಅಂಗಳ ನೋಡಲು ಬಲು ಚೆಂದ, ಆದರೆ ನಿಮ್ಮ ಜೊತೆ ಕೂರಲು ಒಬ್ಬರಿಗೂ ಬಿಡುವಿರುವುದಿಲ್ಲ. ಬಯಲುಸೀಮೆಯ ಸುಗ್ಗಿಯಲ್ಲೂ ಅದೇ ಪಾಡು.

ಈ ಪಟ್ಟಿಯೊಳಗೇ ಕಥೆ ಹುಡುಕಿ. 'ತಿಥಿ' ಸಿನಿಮಾ ಹುಟ್ಟಿದ್ದು ಹಾಗೆ. ಚಿತ್ರಕಥೆ ಬರೆದ ಈರೇಗೌಡರ ಊರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲು. ನಿರ್ದೇಶಕ ರಾಮ್ ರೆಡ್ಡಿ ಅವರ ಗೆಳೆಯ. ಊರಿನ ಜನರನ್ನು ನೋಡಿಯೇ ಪಾತ್ರ ಬರೆದರು, ಆ ಜನರೇ ಅಭಿನಯಿಸಿದರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಎರಡು ಪ್ರಶಸ್ತಿ ಬಂತು. ನಟೇಶ್ ಹೆಗಡೆ ಶಿರಸಿ ಕಡೆಯ ತಮ್ಮ ಊರಿನಲ್ಲೇ 'ಪೆದ್ರೊ' ಮಾಡಿದರು. ಮುಖ್ಯ ಪಾತ್ರಕ್ಕೆ ತಮ್ಮ ತಂದೆಯನ್ನೇ ನಿಲ್ಲಿಸಿದರು. 2021ರಲ್ಲಿ ಅದು ಬುಸಾನ್ ಚಿತ್ರೋತ್ಸವಕ್ಕೆ ಹೋಯಿತು. ಹತ್ತಿರದ ಜನ ಅಂದರೆ ಸುಲಭಕ್ಕೆ ಸಿಗುವವರು ಅನ್ನುವುದಷ್ಟೇ ಅಲ್ಲ. ಅವರ ಬಗ್ಗೆ ನಿಮಗೆ ಗೊತ್ತಿರುವಷ್ಟು ಬೇರೆ ಯಾವ ನಿರ್ದೇಶಕರಿಗೂ ಗೊತ್ತಿರುವುದಿಲ್ಲ.

ಬರೆಯುವಾಗ ನಾನು ಕೆಲವು ಗೆರೆ ಹಾಕಿಕೊಳ್ಳುತ್ತೇನೆ. ಜಾಗಗಳೆಲ್ಲ ನಡೆದು ಹೋಗುವಷ್ಟು ಹತ್ತಿರ ಇರಲಿ. ಮುಖ್ಯ ಪಾತ್ರ ಐದಾರು ಸಾಕು. ರಾತ್ರಿಯ ಹೊರಾಂಗಣ ದೃಶ್ಯ ಎರಡಕ್ಕಿಂತ ಜಾಸ್ತಿ ಬೇಡ, ಅದಕ್ಕೆ ಬೇಕಾಗುವ ಲೈಟ್ ಮತ್ತು ಜನರೇಟರ್ ನಿಮ್ಮ ಅರ್ಧ ಬಜೆಟ್ ತಿನ್ನುತ್ತವೆ. ಜಾತ್ರೆ ಬೇಕೇ ಬೇಕು ಅಂದರೆ ನಿಜವಾದ ಜಾತ್ರೆಯ ದಿನಕ್ಕೆ ಶೂಟಿಂಗ್ ಹೊಂದಿಸಿ. ಬೀಡಿ ಸೇದುವ ದೃಶ್ಯ ಇಟ್ಟರೆ ಸಿನಿಮಾದ ಶುರುವಿಗೆ, ಮಧ್ಯಕ್ಕೆ ತಂಬಾಕು ಎಚ್ಚರಿಕೆಯ ಚಿತ್ರ ಹಾಕಬೇಕು, ಆ ದೃಶ್ಯದುದ್ದಕ್ಕೂ ಪರದೆಯ ಕೆಳಗೆ ಬರಹ ಇರಬೇಕು. ಆ ಬೀಡಿ ಕಥೆಗೆ ಅಷ್ಟು ಮುಖ್ಯವಾ, ಬರೆಯುವಾಗಲೇ ಕೇಳಿಕೊಳ್ಳಿ.

ಸಣ್ಣಕಥೆಯೊಂದನ್ನು ಸಿನಿಮಾ ಮಾಡುವುದಾದರೆ ಲೇಖಕರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೂ ಹಕ್ಕು ಅವರ ವಾರಸುದಾರರದ್ದು. "ಅವರ ಮಗ ನನಗೆ ಪರಿಚಯ, ಏನೂ ಅನ್ನಲ್ಲ" ಅನ್ನುವುದು ಒಪ್ಪಿಗೆ ಆಗುವುದಿಲ್ಲ.

2. ಜನರನ್ನು ಆರಿಸುವುದು

ಇಲ್ಲಿ ಅವಸರ ಮಾಡಬೇಡಿ. ಜೊತೆಗೆ ಕಾಫಿ ಕುಡಿಯಲು ಚೆನ್ನಾಗಿರುವ ಗೆಳೆಯ ಬೇರೆ, ಬೆಳಗಿನ ಜಾವ ನಾಲ್ಕೂವರೆಗೆ ಟ್ರೈಪಾಡ್ ಹೊತ್ತು ಗದ್ದೆ ಬದುವಿನ ಮೇಲೆ ನಡೆಯುವ ಗೆಳೆಯ ಬೇರೆ. ಇಬ್ಬರೂ ಬೇಕು, ಯೂನಿಟ್‌ಗೆ ಮಾತ್ರ ಎರಡನೆಯವನೇ ಬೇಕು.

ನಾನು ಮಾಡುವ ಪರೀಕ್ಷೆ ಸರಳ. ದೊಡ್ಡ ಸಿನಿಮಾಕ್ಕೆ ಆರು ತಿಂಗಳ ಮುಂಚೆ ಅದೇ ಜನರ ಜೊತೆ ಹತ್ತು ನಿಮಿಷದ ಒಂದು ಕಿರುಚಿತ್ರ ಮಾಡುತ್ತೇನೆ. ಎರಡು ದಿನ ಶೂಟಿಂಗ್, ಒಂದು ವಾರ ಎಡಿಟಿಂಗ್. ಚಿತ್ರ ಹೇಗೆ ಬಂತು ಅನ್ನುವುದಕ್ಕಿಂತ ಜನ ಹೇಗಿದ್ದರು ಅಂತ ನೋಡುತ್ತೇನೆ. ಬ್ಯಾಟರಿ ಮುಗಿಯುತ್ತಿದೆ ಎಂದು ಮುಂಚೆ ಹೇಳಿದ್ದು ಯಾರು? ಊಟ ತಡವಾದಾಗ ಕೂಗಾಡಿದ್ದು ಯಾರು? ನನ್ನ ಮುಂದೆ ಒಂದು, ಹಿಂದೆ ಒಂದು ಮಾತಾಡಿದ್ದು ಯಾರು? ಎಲ್ಲದಕ್ಕೂ "ಆಗುತ್ತೆ ಬಿಡಿ" ಅನ್ನುವವರ ಬಗ್ಗೆ ನನಗೆ ಭಯ. ಆಗದ ಕೆಲಸಕ್ಕೆ ಸಮಯಕ್ಕೆ ಸರಿಯಾಗಿ "ಆಗಲ್ಲ" ಅನ್ನುವವರೇ ಯೂನಿಟ್‌ನ ಬೆನ್ನೆಲುಬು.

ಹತ್ತು ಜನ ಅಂದರೆ ಯಾರ್ಯಾರು? ನಿರ್ದೇಶಕ, ಸಹಾಯಕ ನಿರ್ದೇಶಕ, ಕ್ಯಾಮೆರಾದವರು, ಅವರಿಗೊಬ್ಬ ಸಹಾಯಕ, ಸೌಂಡ್‌ಗೆ ಇಬ್ಬರು, ಕಲೆ ಮತ್ತು ಬಟ್ಟೆಗೆ ಒಬ್ಬರು, ಪ್ರೊಡಕ್ಷನ್ ನೋಡಿಕೊಳ್ಳುವವರು, ಲೈಟ್ ಹಾಗೂ ವಾಹನಕ್ಕೆ ಒಬ್ಬರು, ಡೇಟಾ ಮತ್ತು ಕಂಟಿನ್ಯೂಟಿಗೆ (ಶಾಟ್‌ನಿಂದ ಶಾಟ್‌ಗೆ ಬಟ್ಟೆ, ವಸ್ತು ಹೊಂದುತ್ತವಾ ಎಂದು ನೋಡಲು) ಒಬ್ಬರು. ಎಡಿಟರ್ ಊರಿಗೆ ಬರುವುದು ಬೇಡ. ಶೂಟಿಂಗ್‌ನಲ್ಲಿ ಪಟ್ಟ ಕಷ್ಟ ಗೊತ್ತಿಲ್ಲದ ಕಣ್ಣು ಒಂದಾದರೂ ಇರಬೇಕು, ಇಲ್ಲದಿದ್ದರೆ ಕಷ್ಟಪಟ್ಟು ತೆಗೆದ ಶಾಟ್ ಎಲ್ಲವೂ ಸಿನಿಮಾದಲ್ಲಿ ಉಳಿದುಬಿಡುತ್ತವೆ.

ಒಬ್ಬರು ಎರಡು ಕೆಲಸ ಮಾಡುವುದು ಕನ್ನಡದಲ್ಲಿ ಹೊಸದೇನಲ್ಲ. 1970ರ 'ಸಂಸ್ಕಾರ' ನೋಡಿ. ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದರು. ಚಿತ್ರಕಥೆ ಬರೆದ ಗಿರೀಶ ಕಾರ್ನಾಡರೇ ಪ್ರಾಣೇಶಾಚಾರ್ಯರಾದರು, ಲೇಖಕ ಲಂಕೇಶರು ನಾರಣಪ್ಪನಾದರು, ನಿರ್ದೇಶಕರ ಪತ್ನಿ ಸ್ನೇಹಲತಾ ರೆಡ್ಡಿ ಚಂದ್ರಿಯಾದರು. ಚಿತ್ರಕಲಾವಿದ ಎಸ್.ಜಿ. ವಾಸುದೇವ್ ಕಲಾ ನಿರ್ದೇಶನ ನೋಡಿಕೊಂಡರು. ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ಶೂಟಿಂಗ್ ಆಯಿತು. ಸೆನ್ಸಾರ್ ಮೊದಲು ಆ ಸಿನಿಮಾವನ್ನು ತಡೆಯಿತು. ಆಮೇಲೆ ಕನ್ನಡಕ್ಕೆ ರಾಷ್ಟ್ರ ಪ್ರಶಸ್ತಿಯ ಮೊದಲ ಸ್ವರ್ಣ ಕಮಲ ತಂದುಕೊಟ್ಟದ್ದೂ ಅದೇ.

ನಟರಿಗಾಗಿ ನಾನು ರಂಗಭೂಮಿಯ ಕಡೆ ನೋಡುತ್ತೇನೆ. ಹೆಗ್ಗೋಡಿನ ನೀನಾಸಂ, ಸಾಣೇಹಳ್ಳಿಯ ಶಿವಸಂಚಾರ, ಮೈಸೂರಿನ ರಂಗಾಯಣದಲ್ಲಿ ಪಳಗಿದವರು ಊರೂರು ತಿರುಗಿ, ಒಟ್ಟಿಗೆ ಉಂಡು, ಸೆಟ್ ತಾವೇ ಕಟ್ಟಿ ಬಿಚ್ಚಿದವರು. ಸಣ್ಣ ಯೂನಿಟ್‌ನ ಬದುಕು ಅವರಿಗೆ ಹೇಳಿಕೊಡಬೇಕಾಗಿಲ್ಲ. ಯಕ್ಷಗಾನ ಮೇಳದವರಾದರೆ ಇನ್ನೂ ಒಳ್ಳೆಯದು: ರಾತ್ರಿಯಿಡೀ ಕುಣಿದು ಬೆಳಿಗ್ಗೆ ಮುಂದಿನ ಊರಿಗೆ ಹೊರಡುವವರಿಗೆ ನಿಮ್ಮ ಕಾಲ್‌ಶೀಟ್ (ದಿನದ ಕೆಲಸದ ವೇಳಾಪಟ್ಟಿ) ಭಾರ ಅನ್ನಿಸುವುದಿಲ್ಲ.

3. ಎರಡು ಪುಟದ ಕಾಗದ

ಸ್ನೇಹಿತರ ನಡುವೆ ಕಾಗದ ಏಕೆ ಅಂತ ಕೇಳುತ್ತಾರೆ. ನಾನು ಕಲಿತದ್ದು ಇಷ್ಟೇ: ಮಾತಾಡಲು ಮುಜುಗರ ಆಗುವುದನ್ನೆಲ್ಲ ಆ ಕಾಗದವೇ ನಮ್ಮ ಪರವಾಗಿ ಮಾತಾಡಿಬಿಡುತ್ತದೆ. ಕನ್ನಡದಲ್ಲೇ ಬರೆಯಿರಿ, ಎಲ್ಲರೂ ಕೂತು ಗಟ್ಟಿಯಾಗಿ ಓದಿ, ಸಹಿ ಹಾಕಿ.

ಅದರಲ್ಲಿ ಇವು ಇರಲಿ. ಯಾವ ಕೆಲಸ, ಎಷ್ಟು ದಿನ. ಈಗ ಕೈಗೆ ಎಷ್ಟು ದುಡ್ಡು, ಯಾವ ದಿನ. ಸಿನಿಮಾದಿಂದ ಹಣ ಬಂದರೆ ಎಷ್ಟು ಪಾಲು. ಪರದೆ ಮೇಲೆ ಹೆಸರು ಹೇಗೆ, ಎಲ್ಲಿ ಬರುತ್ತದೆ. ಮಧ್ಯದಲ್ಲಿ ಬಿಟ್ಟುಹೋದರೆ ಏನು. ಕೊನೆಯ ಎಡಿಟ್ ಯಾರ ತೀರ್ಮಾನ. ಈ ಕೊನೆಯದನ್ನು ಬಿಡಲೇಬೇಡಿ, ಒಬ್ಬರ ಹೆಸರು ಬರೆಯಿರಿ. ಅಭಿಪ್ರಾಯ ಎಲ್ಲರೂ ಹೇಳಬೇಕು, ತೀರ್ಮಾನ ಮಾತ್ರ ಒಬ್ಬರೇ ಮಾಡಬೇಕು.

ಹಕ್ಕಿನ ವಿಷಯ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಅದು 5 ವರ್ಷಕ್ಕೆ ಮಾತ್ರ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಸಂಗೀತ ಮಾಡಿದ ಗೆಳೆಯ ಬಾಯಿಮಾತಲ್ಲಿ "ಎಲ್ಲಾ ನಿಂದೇ" ಅಂದಿರುತ್ತಾನೆ. ಆರನೇ ವರ್ಷ ಓಟಿಟಿಯವರು ಕಾಗದ ಕೇಳಿದಾಗ ಇಬ್ಬರೂ ಸಿಕ್ಕಿಬೀಳುತ್ತೀರಿ.

ಪಾಲಿನ ಲೆಕ್ಕ ಹೀಗೆ ಮಾಡಬಹುದು. ಸಿನಿಮಾಕ್ಕೆ 12.5 ಲಕ್ಷ ಖರ್ಚಾಗಿದೆ, 20.5 ಲಕ್ಷ ಬಂತು ಅಂದುಕೊಳ್ಳಿ. ಮೊದಲು 12.5 ಲಕ್ಷ ಹಣ ಹಾಕಿದವರಿಗೆ ವಾಪಸ್. ಉಳಿದ 8 ಲಕ್ಷದಲ್ಲಿ ಅರ್ಧ ಅವರಿಗೆ, ಅರ್ಧ ತಂಡಕ್ಕೆ. ತಂಡದ 4 ಲಕ್ಷವನ್ನು 100 ಪಾಯಿಂಟ್ ಮಾಡಿದರೆ ಒಂದು ಪಾಯಿಂಟಿಗೆ 4,000. ಕ್ಯಾಮೆರಾದವರಿಗೆ 12 ಪಾಯಿಂಟ್ ಇದ್ದರೆ 48,000. ಹಣ ಬರದೇ ಹೋಗಬಹುದು, ಅದನ್ನೂ ಕಾಗದದಲ್ಲೇ ಸ್ಪಷ್ಟವಾಗಿ ಬರೆಯಿರಿ. ಅದಕ್ಕೇ ಕೈಗೆ ಕೊಡುವ ಸಂಬಳ ಸೊನ್ನೆ ಆಗಬಾರದು. ಎಲ್ಲರಿಗೂ ಒಂದೇ ಮೊತ್ತ ಕೊಟ್ಟರೂ ಸರಿ, ವಾರಕ್ಕೊಮ್ಮೆ ತಪ್ಪದೆ ಕೊಡಿ. ನಮ್ಮ ಎರಡನೇ ಸಿನಿಮಾದಲ್ಲಿ ಪ್ರತಿ ಶನಿವಾರ ಸಂಜೆ ಟೀ ಜೊತೆಗೆ ಲಕೋಟೆ ಬರುತ್ತಿತ್ತು. ಮೊತ್ತ ಸಣ್ಣದು. ಆದರೆ ಒಬ್ಬರೂ ದುಡ್ಡಿನ ಬಗ್ಗೆ ಪಿಸುಗುಡಲಿಲ್ಲ.

ಇನ್ನೊಂದು ಮಾತು, ಹೆಚ್ಚಿನವರು ಮರೆಯುವುದು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು ಅನ್ನುತ್ತದೆ ಕಾನೂನು. ಹಳ್ಳಿಯ ಮನೆಯೊಂದರಲ್ಲಿ ಇಪ್ಪತ್ತು ದಿನ ಒಟ್ಟಿಗೆ ಇರುವವರಿಗೆ ಇದು ಇನ್ನೂ ಮುಖ್ಯ. ಹೆಣ್ಣುಮಕ್ಕಳಿಗೆ ಒಳಗಿಂದ ಚಿಲಕ ಇರುವ ಕೋಣೆ, ಬೇರೆ ಶೌಚಾಲಯ, ರಾತ್ರಿ ಓಡಾಟಕ್ಕೆ ವಾಹನ ಇವು ಮೊದಲ ದಿನವೇ ಸಿದ್ಧ ಇರಬೇಕು.

4. ದುಡ್ಡಿನ ಲೆಕ್ಕ

ನನ್ನ ಒಂದು ಮಾದರಿ ಲೆಕ್ಕ ಕೊಡುತ್ತೇನೆ. ಬಾಡಿಗೆ, ಕೂಲಿ ಊರಿಂದ ಊರಿಗೆ ಬೇರೆ, ನೀವೇ ವಿಚಾರಿಸಿ ಅಂಕಿ ಬದಲಿಸಿಕೊಳ್ಳಿ. 18 ದಿನ ಶೂಟಿಂಗ್, ಎರಡು ದಿನ ರಜೆ, ಹೋಗಿ ಸಿದ್ಧ ಮಾಡಿಕೊಳ್ಳಲು ಒಂದು ದಿನ, ಒಟ್ಟು 21 ದಿನ.

- ಊಟ: 12 ಜನ, ದಿನಕ್ಕೆ ತಲಾ 300, ಒಟ್ಟು 75,600
- ವಾಸ್ತವ್ಯ 45,000, ವಾಹನ ಮತ್ತು ಡೀಸೆಲ್ 75,000
- ಕ್ಯಾಮೆರಾ, ಲೆನ್ಸ್, ಲೈಟ್ ಬಾಡಿಗೆ: ದಿನಕ್ಕೆ 6,000ದಂತೆ 1,26,000
- ಸೌಂಡ್ ಸಲಕರಣೆ: ದಿನಕ್ಕೆ 2,500ರಂತೆ 52,500
- ಹಾರ್ಡ್ ಡಿಸ್ಕ್: 40,000
- ತಂಡಕ್ಕೆ ತಲಾ 20,000ದಂತೆ 2 ಲಕ್ಷ, ನಟರು ಮತ್ತು ಊರಿನವರಿಗೆ 1.5 ಲಕ್ಷ
- ಎಡಿಟಿಂಗ್, ಡಿಐ (ಬಣ್ಣ ಹೊಂದಿಸುವ ಕೆಲಸ), ಸೌಂಡ್ ಮಿಕ್ಸಿಂಗ್: 2.8 ಲಕ್ಷ
- ಸಬ್‌ಟೈಟಲ್, ಡಿಸಿಪಿ (ಚಿತ್ರಮಂದಿರಕ್ಕೆ ಕೊಡುವ ಡಿಜಿಟಲ್ ಪ್ರತಿ), ಸೆನ್ಸಾರ್, ಚಿತ್ರೋತ್ಸವ: 90,000

ಇದಕ್ಕೆ ಶೇಕಡ 10 ಆಪದ್ಧನ ಸೇರಿಸಿದರೆ ಸುಮಾರು 12.5 ಲಕ್ಷ. ಆಪದ್ಧನವನ್ನು ಬೇರೆ ಖಾತೆಯಲ್ಲಿಡಿ.

ಕಣ್ಣಿಗೆ ಬೀಳಬೇಕಾದದ್ದು ಪಟ್ಟಿಯ ಕೊನೆಯ ಎರಡು ಸಾಲು. ಶೂಟಿಂಗ್ ಮುಗಿದು ಕುಂಬಳಕಾಯಿ ಒಡೆದ ದಿನ ಜೇಬು ಖಾಲಿ ಮಾಡಿಕೊಂಡು, ಫುಟೇಜ್ ಡಿಸ್ಕಿನಲ್ಲೇ ವರ್ಷಗಟ್ಟಲೆ ಕೂತ ಸಿನಿಮಾಗಳನ್ನು ನಾನು ನೋಡಿದ್ದೇನೆ. ಶೂಟಿಂಗ್ ನಂತರದ ಹಣ ಕೈಯಲ್ಲಿ ಇಲ್ಲದಿದ್ದರೆ ಶೂಟಿಂಗ್ ಶುರು ಮಾಡಬೇಡಿ. ಹಾಗೆಯೇ ಸರ್ಕಾರದ ಸಹಾಯಧನವನ್ನು ಬಜೆಟ್‌ನಲ್ಲಿ ಎಣಿಸಬೇಡಿ. ಕರ್ನಾಟಕ ಸರ್ಕಾರ ಗುಣಾತ್ಮಕ ಚಿತ್ರಗಳಿಗೆ ವಾರ್ತಾ ಇಲಾಖೆಯ ಮೂಲಕ ಸಹಾಯಧನ ಕೊಡುತ್ತದೆ. ಆದರೆ ಅದು ಸಿನಿಮಾ ಮುಗಿದು, ಸೆನ್ಸಾರ್ ಆಗಿ, ಆಯ್ಕೆಯಾದ ಮೇಲಿನ ಮಾತು.

ಪ್ರೇಕ್ಷಕರಿಂದಲೇ ಹಣ ಸೇರಿಸಬಹುದು. 2012ರಲ್ಲಿ ಪವನ್ ಕುಮಾರ್ ಹಾಗೆ ಸುಮಾರು 50 ಲಕ್ಷ ಸೇರಿಸಿ 'ಲೂಸಿಯಾ' ಮಾಡಿದರು, 2013ರಲ್ಲಿ ಅದು ತೆರೆಗೆ ಬಂತು. ಅವರ ಮೊದಲ ಸಿನಿಮಾ ನೋಡಿದ್ದ ಜನ ಇದ್ದರು ಅನ್ನುವುದನ್ನು ಮರೆಯಬೇಡಿ. ಮೊದಲ ಸಲದವರಿಗೆ ಇಪ್ಪತ್ತು ಮೂವತ್ತು ಪರಿಚಿತರು ಸಣ್ಣ ಸಣ್ಣ ಮೊತ್ತ ಹಾಕುವುದು ಹೆಚ್ಚು ಸಹಜ. ಲಾಭ ಕೊಡುವ ಮಾತು ಕೊಟ್ಟು ಹಣ ತೆಗೆದುಕೊಳ್ಳುವ ಮುಂಚೆ ಒಬ್ಬ ಆಡಿಟರ್ ಹತ್ತಿರ ಕೂತು ಮಾತಾಡಿ.

5. ಊರು, ಅನುಮತಿ

ಪಂಚಾಯಿತಿಗೆ, ಹತ್ತಿರದ ಪೊಲೀಸ್ ಠಾಣೆಗೆ ಪತ್ರ ಕೊಡಿ, ಸೀಲ್ ಹಾಕಿಸಿದ ಪ್ರತಿ ಸದಾ ಜೊತೆಗಿರಲಿ. ಕಾಡಿನೊಳಗೆ ಅರಣ್ಯ ಇಲಾಖೆ, ರೈಲು ನಿಲ್ದಾಣಕ್ಕೆ ರೈಲ್ವೆ, ಹಳೆಯ ದೇವಸ್ಥಾನವಾದರೆ ಪುರಾತತ್ವ ಇಲಾಖೆ, ಹೀಗೆ ಬೇರೆ ಬೇರೆ ಒಪ್ಪಿಗೆ ಬೇಕು. ಇವಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಡ್ರೋನ್ ಶಾಟ್ ಬಿಟ್ಟುಬಿಡಿ ಅನ್ನುವುದು ನನ್ನ ಸಲಹೆ. ಅನುಮತಿಯ ತಲೆನೋವು ಒಂದು ಕಡೆ, ಎಲ್ಲಾ ಊರೂ ಮೇಲಿಂದ ಒಂದೇ ಥರ ಕಾಣುವುದು ಇನ್ನೊಂದು ಕಡೆ.

ಎರಡು ವಿಷಯದಲ್ಲಿ ಹೊಸಬರು ಎಡವುತ್ತಾರೆ. ಹಸುವೋ ನಾಯಿಯೋ ಕಥೆಯಲ್ಲಿ ಅಭಿನಯಿಸಿದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಶೂಟಿಂಗಿಗೆ ಮೊದಲೇ ಬೇಕು. ಸೆನ್ಸಾರ್‌ನಲ್ಲಿ ಆ ಪತ್ರ ಕೇಳುತ್ತಾರೆ. ಮಕ್ಕಳು ಅಭಿನಯಿಸಿದರೆ ಜಿಲ್ಲಾಧಿಕಾರಿಯ ಅನುಮತಿ ಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ಬಿಡುವಿಲ್ಲದೆ 3 ಗಂಟೆ ದಾಟುವಂತಿಲ್ಲ, ಮಗುವಿನ ಗಳಿಕೆಯ ಕನಿಷ್ಠ ಶೇಕಡ 20 ಅದರ ಹೆಸರಿನಲ್ಲಿ ಠೇವಣಿ ಇಡಬೇಕು.

ಊರಿನವರ ಜೊತೆಗಿನ ನಂಬಿಕೆ ತಂಡದೊಳಗಿನ ನಂಬಿಕೆಯಷ್ಟೇ ದೊಡ್ಡದು. ಮನೆ ಬಿಟ್ಟುಕೊಟ್ಟವರಿಗೆ ಬಾಡಿಗೆ ಕೊಡಿ, ಬೇಡ ಅಂದರೂ ಕರೆಂಟ್ ಬಿಲ್ ಕಟ್ಟಿ. ಅಭಿನಯಿಸಲು ಬಂದವರು ಆ ದಿನದ ಕೂಲಿ ಬಿಟ್ಟು ಬಂದಿರುತ್ತಾರೆ, ಕೂಲಿಗಿಂತ ಕಡಿಮೆ ಕೊಡುವುದು ಅನ್ಯಾಯ. ಸರಿಸಿದ ಮಂಚ, ತೆಗೆದ ಕ್ಯಾಲೆಂಡರ್ ಇದ್ದ ಜಾಗಕ್ಕೇ ಹೋಗಬೇಕು. ಮೊದಲೇ ಫೋಟೋ ತೆಗೆದಿಟ್ಟುಕೊಂಡರೆ ಸುಲಭ. ಮಲೆನಾಡಾದರೆ ಹಾವಿನ ವಿಷಕ್ಕೆ ಔಷಧಿ ಇರುವ ಹತ್ತಿರದ ಆಸ್ಪತ್ರೆ ಯಾವುದು ಎಂದು ತಂಡದ ಎಲ್ಲರಿಗೂ ಗೊತ್ತಿರಲಿ. ಇಡೀ ತಂಡಕ್ಕೆ ಅಪಘಾತ ವಿಮೆ ಮಾಡಿಸಿ.

6. ತಾಲೀಮು

ಸಮಯ ಪುಕ್ಕಟೆ ಸಿಗುವುದು ಶೂಟಿಂಗ್‌ಗೆ ಮುಂಚೆ ಮಾತ್ರ. ಕ್ಯಾಮೆರಾ ಬಾಡಿಗೆ ಶುರುವಾಗುವ ಮೊದಲು ಫೋನ್ ಹಿಡಿದು ಎಲ್ಲಾ ಮುಖ್ಯ ದೃಶ್ಯಗಳನ್ನು ಅದೇ ಜಾಗದಲ್ಲಿ ಒಮ್ಮೆ ತೆಗೆದು ನೋಡಿ.

ಅಭಿನಯ ಗೊತ್ತಿಲ್ಲದ ಊರಿನವರಿಗೆ ಸಂಭಾಷಣೆ ಬಾಯಿಪಾಠ ಮಾಡಿಸಬೇಡಿ. ಸನ್ನಿವೇಶ ಹೇಳಿ, ಕೈಗೆ ಕೆಲಸ ಕೊಡಿ. ನಮ್ಮ ಸಿನಿಮಾದಲ್ಲಿ ಒಬ್ಬ ಅಜ್ಜಿ ಕ್ಯಾಮೆರಾ ಕಂಡರೆ ಕಲ್ಲಿನಂತೆ ಆಗುತ್ತಿದ್ದರು. ಅಡಿಕೆ ಸುಲಿಯಲು ಕೂರಿಸಿದೆವು. ಕತ್ತಿಯ ಮೇಲೆ ಕಣ್ಣು ಹೋಯಿತು, ಮಾತು ತಾನೇ ಹೊರಟಿತು. ನಾನು ಬರೆದದ್ದಕ್ಕಿಂತ ಅವರ ಮಾತೇ ಚೆನ್ನಾಗಿತ್ತು, ಅದನ್ನೇ ಇಟ್ಟುಕೊಂಡೆ.

7. ಶೂಟಿಂಗ್ ದಿನಗಳು

ತೊಂಬತ್ತು ಪುಟದ ಚಿತ್ರಕಥೆ, ಹದಿನೆಂಟು ದಿನ, ಅಂದರೆ ದಿನಕ್ಕೆ ಐದು ಪುಟ. ಇದು ಆಗುವ ಮಾತು, ಆದರೆ ಬೆಳಕನ್ನು ಹಾಳು ಮಾಡಿದರೆ ಆಗುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಸುಮಾರು ಆರೂ ಮುಕ್ಕಾಲಿಗೆ ಬೆಳಕು ಸಿಗುತ್ತದೆ, ಸಂಜೆ ಆರಕ್ಕೆ ಮುಗಿಯುತ್ತದೆ. ಬೆಳಿಗ್ಗೆ ಮತ್ತು ಮೂರರ ನಂತರ ಹೊರಾಂಗಣ ಇಟ್ಟುಕೊಳ್ಳಿ. ನೆತ್ತಿ ಮೇಲೆ ಸೂರ್ಯ ಇರುವಾಗ ಊಟ, ವಿಶ್ರಾಂತಿ ಅಥವಾ ಮನೆಯೊಳಗಿನ ದೃಶ್ಯ. ನಾಳೆಯ ಕಾಲ್‌ಶೀಟ್ ಇವತ್ತು ರಾತ್ರಿ ಎಂಟರೊಳಗೆ ಎಲ್ಲರ ಕೈಗೆ ಸಿಗಲಿ. ಮೊದಲ ದಿನ ಸುಲಭದ ದೃಶ್ಯ ಇಡಿ, ತಂಡಕ್ಕೆ ಕೈ ಕೂಡಲಿ. ಅಳುವ ದೃಶ್ಯ, ಜಗಳದ ದೃಶ್ಯ ಎರಡನೇ ವಾರಕ್ಕೆ.

ದಿನಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ಯಾರನ್ನೂ ದುಡಿಸಬೇಡಿ. ಆರು ದಿನಕ್ಕೊಂದು ರಜೆ ತಪ್ಪಿಸಬೇಡಿ. ನಿದ್ದೆಗೆಟ್ಟವರು ಕಾರು ಓಡಿಸುತ್ತಾರೆ, ಲೈಟ್ ಕಟ್ಟುತ್ತಾರೆ, ವೈರ್ ಮುಟ್ಟುತ್ತಾರೆ. ಊಟದ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಡಿ. ಊರಿನಲ್ಲೇ ಅಡುಗೆ ಮಾಡುವವರನ್ನು ಗೊತ್ತು ಮಾಡಿ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಒಂದೇ ಊಟ ಮಾಡಿ. ನಿರ್ದೇಶಕನಿಗೆ ಬೇರೆ ತಟ್ಟೆ ಬಂದ ದಿನ ತಂಡ ಎರಡಾಗುತ್ತದೆ.

ರಾತ್ರಿ ಊಟದ ನಂತರ ಹತ್ತು ನಿಮಿಷ ಎಲ್ಲರೂ ಕೂರಿ. ಇವತ್ತು ಏನು ಸರಿ ಹೋಗಲಿಲ್ಲ ಅಂತ ಒಬ್ಬೊಬ್ಬರೂ ಹೇಳಲಿ. ನಿರ್ದೇಶಕರು ಉತ್ತರ ಕೊಡಬಾರದು, ಬರೆದುಕೊಳ್ಳಬೇಕು, ಬೆಳಿಗ್ಗೆಯೊಳಗೆ ಒಂದನ್ನಾದರೂ ಸರಿ ಮಾಡಬೇಕು. ಐದನೇ ದಿನ ನಿಂತುಹೋದ ನಮ್ಮ ಸಿನಿಮಾ ಮತ್ತೆ ಶುರುವಾದದ್ದು ಇಂಥ ಒಂದು ಕೂಟದಿಂದ. ಕ್ಯಾಮೆರಾದ ಗೆಳೆಯನಿಗೆ ಬಿಟ್ಟ ಎರಡು ಮದುವೆಯ ಹಣ ಕಂತಿನಲ್ಲಿ ಕೊಟ್ಟೆ. ಅವನು ಆಮೇಲಿನ ಸಿನಿಮಾವನ್ನೂ ಮಾಡಿದ.

8. ಸೌಂಡ್

ಚಿತ್ರ ಸ್ವಲ್ಪ ಕತ್ತಲಾದರೂ ಜನ ನೋಡುತ್ತಾರೆ. ಮಾತು ಕೇಳಿಸದಿದ್ದರೆ ಎದ್ದುಹೋಗುತ್ತಾರೆ. ಹಾಗಾಗಿ ಲೆನ್ಸಿಗೆ ಎಂದು ಇಟ್ಟ ಹಣದಲ್ಲಿ ಸ್ವಲ್ಪ ತೆಗೆದು ಸೌಂಡಿಗೆ ಹಾಕಿ.

ಊರಿನವರೇ ಅಭಿನಯಿಸುವ ಸಿನಿಮಾಕ್ಕೆ ಸಿಂಕ್ ಸೌಂಡ್ (ಶೂಟಿಂಗ್ ಹೊತ್ತಿನಲ್ಲೇ ಮಾತು ರೆಕಾರ್ಡ್ ಮಾಡುವುದು) ಬಿಟ್ಟು ಬೇರೆ ದಾರಿ ಇಲ್ಲ. ಅವರನ್ನು ಬೆಂಗಳೂರಿನ ಡಬ್ಬಿಂಗ್ ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ನಿಲ್ಲಿಸಿದರೆ ಆ ಮಾತಿನ ಏರಿಳಿತ ಮತ್ತೆ ಬರುವುದಿಲ್ಲ. ಬೇರೆಯವರಿಂದ ಡಬ್ ಮಾಡಿಸಿದರೆ ಮಂಡ್ಯದ ಮಾತೂ ಹೋಗುತ್ತದೆ, ಶಿರಸಿಯ ಮಾತೂ ಹೋಗುತ್ತದೆ, ಎಲ್ಲಿಯದೂ ಅಲ್ಲದ ಒಂದು ಕನ್ನಡ ಉಳಿಯುತ್ತದೆ.

ಕೋಲಿನ ತುದಿಗೆ ಕಟ್ಟುವ ಬೂಮ್ ಮೈಕ್ ಮುಖ್ಯ, ಬಟ್ಟೆಯೊಳಗಿನ ಲೇಪಲ್ ಮೈಕ್ ಬೆಂಬಲಕ್ಕೆ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಪ್ರತಿ ಜಾಗದಲ್ಲೂ ದೃಶ್ಯ ಮುಗಿದ ಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ಒಂದು ನಿಮಿಷ ಸುಮ್ಮನೆ ನಿಂತು ಆ ಜಾಗದ ಮೌನ ರೆಕಾರ್ಡ್ ಮಾಡಿಕೊಳ್ಳಿ. ಎಡಿಟಿಂಗ್‌ನಲ್ಲಿ ಎರಡು ಟೇಕ್ ಅಂಟಿಸಲು ಅದೇ ಗೋಂದು. ಜೀರುಂಡೆ ಸದ್ದು ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ, ಆದ್ದರಿಂದ ಒಂದು ದೃಶ್ಯವನ್ನು ಅರ್ಧ ಸಂಜೆಗೆ ಅರ್ಧ ಮಧ್ಯಾಹ್ನಕ್ಕೆ ಒಡೆಯಬೇಡಿ. ಪಂಪ್‌ಸೆಟ್‌ಗೆ ಕರೆಂಟ್ ಬರುವ ಹೊತ್ತು, ದೇವಸ್ಥಾನದ ಮೈಕ್ ಹಾಕುವ ಹೊತ್ತು, ಶಾಲೆ ಬಿಡುವ ಹೊತ್ತು ಪಟ್ಟಿ ಮಾಡಿ ಕಾಲ್‌ಶೀಟ್‌ನಲ್ಲಿ ಬರೆಯಿರಿ.

9. ಡೇಟಾ

200 ಎಂಬಿಪಿಎಸ್ (ಸೆಕೆಂಡಿಗೆ 200 ಮೆಗಾಬಿಟ್) ವೇಗದಲ್ಲಿ ಶೂಟ್ ಮಾಡಿದರೆ ಗಂಟೆಗೆ 90 ಜಿಬಿ. ದಿನಕ್ಕೆ ಎರಡು ಗಂಟೆ ಫುಟೇಜ್ ಅಂದರೆ 18 ದಿನಕ್ಕೆ ಸುಮಾರು 3.2 ಟಿಬಿ. 4 ಟಿಬಿಯ ಮೂರು ಡಿಸ್ಕ್ ತನ್ನಿ. ಮೂರರಲ್ಲೂ ಒಂದೇ ಪ್ರತಿ, ಮೂರೂ ಬೇರೆ ಬೇರೆಯವರ ಹತ್ತಿರ, ಒಂದು ಬೇರೆ ಮನೆಯಲ್ಲಿ. ಎರಡು ಡಿಸ್ಕಿಗೆ ಹೋಗಿ, ತೆರೆದು ನೋಡಿ ಖಚಿತ ಆಗುವವರೆಗೆ ಕಾರ್ಡ್ ಅಳಿಸುವಂತಿಲ್ಲ. ಇದರಲ್ಲಿ ಅಪವಾದ ಇಲ್ಲ.

10. ಎಡಿಟಿಂಗ್

ಮೊದಲ ಕಟ್ ನೋಡಿದಾಗ ಎದೆ ಒಡೆಯುತ್ತದೆ. ಎಲ್ಲರಿಗೂ ಹಾಗೇ ಆಗುತ್ತದೆ, ಹೆದರಬೇಡಿ. ಎರಡು ವಾರ ಬಿಟ್ಟು ಮತ್ತೆ ಕೂರಿ. ಆಮೇಲೆ ಐದು ಜನರಿಗೆ ತೋರಿಸಿ. ಅವರಲ್ಲಿ ಇಬ್ಬರಿಗಾದರೂ ಸಿನಿಮಾ ಕೆಲಸದ ನಂಟು ಇರಬಾರದು. "ಹೇಗಿದೆ?" ಅಂತ ಕೇಳಬೇಡಿ, ಸ್ನೇಹಿತರು ಚೆನ್ನಾಗಿದೆ ಅಂತಲೇ ಹೇಳುತ್ತಾರೆ. "ಎಲ್ಲಿ ಫೋನ್ ನೋಡಬೇಕು ಅನ್ನಿಸಿತು?" ಅಂತ ಕೇಳಿ.

ಇಂಗ್ಲಿಷ್ ಸಬ್‌ಟೈಟಲ್‌ಗೆ ಒಂದು ತಿಂಗಳು ಕೊಡಿ. ಹೊರಗಿನವರು ನಿಮ್ಮ ಸಿನಿಮಾ ನೋಡುವುದು ಆ ಎರಡು ಸಾಲಿನ ಮೂಲಕ. ಆ ಊರಿನ ಮಾತು ಗೊತ್ತಿರುವವರು ಒಬ್ಬರು, ಇಂಗ್ಲಿಷ್ ಚೆನ್ನಾಗಿ ಬರೆಯುವವರು ಒಬ್ಬರು ಜೊತೆಯಾಗಿ ಕೂರಬೇಕು.

11. ಹೊರಗೆ ಕಳಿಸುವುದು

ರಫ್ ಕಟ್ (ಕಚ್ಚಾ ಎಡಿಟ್) ಹಂತದಲ್ಲೇ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಫಿಲ್ಮ್ ಬಜಾರ್‌ಗೆ, ಈಗಿನ ಹೆಸರು ವೇವ್ಸ್ ಫಿಲ್ಮ್ ಬಜಾರ್, ಅರ್ಜಿ ಹಾಕಿ. ಅದು ಗೋವಾದಲ್ಲಿ ನವೆಂಬರ್ ಹೊತ್ತಿಗೆ ನಡೆಯುತ್ತದೆ. ಅಲ್ಲಿ ಮುಗಿಯದ ಸಿನಿಮಾಗಳಿಗೆಂದೇ ಒಂದು ಲ್ಯಾಬ್ ಇದೆ, ಚಿತ್ರೋತ್ಸವಗಳಿಗೆ ಸಿನಿಮಾ ಆರಿಸುವವರು ಬಂದು ನೋಡುತ್ತಾರೆ. ಚಿತ್ರೋತ್ಸವಗಳು ತಮ್ಮಲ್ಲೇ ಮೊದಲ ಪ್ರದರ್ಶನ ಆಗಬೇಕು ಅನ್ನುತ್ತವೆ, ಹಾಗಾಗಿ ಅಲ್ಲಿಯವರೆಗೆ ಯೂಟ್ಯೂಬ್‌ಗೆ ಹಾಕಬೇಡಿ. ಅರ್ಜಿ ಶುಲ್ಕ ಜಾಸ್ತಿ ಆಗುತ್ತದೆ. ಸುಮ್ನೆ ಐವತ್ತು ಕಡೆ ಕಳಿಸುವ ಬದಲು ನಿಮ್ಮ ಥರದ ಸಿನಿಮಾ ಆರಿಸಿದ ಇತಿಹಾಸ ಇರುವ ಹತ್ತು ಕಡೆ ಕಳಿಸಿ.

ಚಿತ್ರಮಂದಿರಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕೇ ಬೇಕು. ಅರ್ಜಿ ಆನ್‌ಲೈನ್, ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಈಗ ಯುಎ ವರ್ಗದಲ್ಲಿ 7, 13, 16 ಎಂದು ಮೂರು ವಯಸ್ಸಿನ ಭಾಗಗಳಿವೆ. ರಾಷ್ಟ್ರ ಪ್ರಶಸ್ತಿಗೆ ಪ್ರಮಾಣಪತ್ರ ಸಿಕ್ಕ ವರ್ಷವೇ ಲೆಕ್ಕ, ಆದ್ದರಿಂದ ಡಿಸೆಂಬರ್ ಕೊನೆಗೆ ಅವಸರ ಮಾಡುವ ಮುಂಚೆ ಯೋಚಿಸಿ. ಸಿನಿಮಾದ ಹೆಸರನ್ನು ಬಹಳ ಮೊದಲೇ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿರಿ.

ಬೆಂಗಳೂರಿನ ಒಂದು ಸ್ಕ್ರೀನ್‌ನಲ್ಲಿ ಮಂಗಳವಾರ ಬೆಳಗಿನ ಆಟ ಸಿಕ್ಕರೆ ಯಾರೂ ಬರುವುದಿಲ್ಲ, ಬರುವುದಕ್ಕೆ ಸಾಧ್ಯವೂ ಇಲ್ಲ ಅಲ್ವಾ? ಅದರ ಬದಲು ಕಾಲೇಜು, ಫಿಲ್ಮ್ ಸೊಸೈಟಿ, ರಂಗ ತಂಡಗಳ ಜಾಗಗಳಿಗೆ ಒಂದೊಂದು ಸಂಜೆ ಹೋಗಿ. ತಂಡದ ಇಬ್ಬರಾದರೂ ಜೊತೆಗಿರಿ. ಬಂದ ಹಣ ಸಣ್ಣದಾದರೂ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಪಾಯಿಂಟ್ ಇರುವ ಎಲ್ಲರಿಗೂ ಕಳಿಸಿ. ಏನೂ ಬರದಿದ್ದರೆ ಸೊನ್ನೆ ಎಂದು ಬರೆದೇ ಕಳಿಸಿ.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಮೊದಲ ಪ್ರದರ್ಶನಗಳಲ್ಲಿ ಒಂದು ಆ ಊರಿನಲ್ಲೇ ಇರಲಿ. ಶಾಲೆಯ ಅಂಗಳ ಸಾಕು. ಕತ್ತಲಾಗುವ ಮುಂಚೆ ಪರದೆ ಬಿಗಿಯಾಗಿ ಕಟ್ಟಿ, ಗಾಳಿಗೆ ಅಲುಗಬಾರದು. ಸ್ಪೀಕರ್ ಪರದೆಯ ಎರಡೂ ಪಕ್ಕ ಇಡಿ. ಮುಂದಿನ ಸಾಲು ಅಭಿನಯಿಸಿದವರಿಗೆ ಬಿಡಿ. ಜನರೇಟರ್‌ಗೆ ಎರಡು ಆಟಕ್ಕಾಗುವಷ್ಟು ಡೀಸೆಲ್ ತುಂಬಿಸಿಕೊಳ್ಳಿ. ಮೊದಲ ಆಟದಲ್ಲಿ ತಮ್ಮ ಮುಖ, ಪಕ್ಕದ ಮನೆಯವರ ಮುಖ ನೋಡಿ ಕೂಗುವುದರಲ್ಲೇ ಅರ್ಧ ಮಾತು ಮುಳುಗಿಹೋಗುತ್ತದೆ. ಮುಗಿದ ಕೂಡಲೇ "ಇನ್ನೊಂದು ಸಲ ಹಾಕಿ, ಕಥೆ ನೋಡ್ತೀವಿ" ಅನ್ನುತ್ತಾರೆ.